ಎಂಜಿಬಿಗೆ ಮೂಲ ಸೈಲೆನ್ಸರ್ ಮರಳಿ ಕೂರಿಸುವಾಗ: ಪೈಪಿಗಿಂತ ಮೊದಲು ಆ ನಾಲ್ಕು ವಾಷರ್ ನೋಡಿ

ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ರಿಪೇರಿಯಲ್ಲಿರುವವರ ಕೈಗೆ ಈ ಕೆಲಸ ಪದೇ ಪದೇ ಬರುತ್ತದೆ. ಎಂಜಿಬಿ ಗಾಡಿ, ಅಡಿಯಲ್ಲಿ ಯಾರೋ ಎಂದೋ ಹಾಕಿಸಿದ 2 ಇಂಚಿನ ಸ್ಟೇನ್‌ಲೆಸ್ ಪೈಪು, ಹಿಂದೆ ಒಂದೇ ಒಂದು ಸೈಲೆನ್ಸರ್. ಮುಂದೆ ಎರಕದ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆಯನ್ನು ಕೂಡಿಸಿ ಪೈಪಿಗೆ ಕೊಡುವ ಭಾಗ) ತೆಗೆದು ಮೂರು ಕೊಳವೆಯ ಟ್ಯೂಬುಲರ್ ಮ್ಯಾನಿಫೋಲ್ಡ್ ಕೂರಿಸಿರುತ್ತಾರೆ. ಮಾಲೀಕರು ಹೇಳುವ ದೂರು ಸಾಮಾನ್ಯವಾಗಿ ಎರಡೇ: ಹೈವೇಯಲ್ಲಿ ತಲೆ ಗುಂಯ್ ಅನ್ನುತ್ತದೆ, ಹಂಪ್ ಬಂದರೆ ಅಡಿ ಉಜ್ಜುತ್ತದೆ. ಮೊದಲು ಹೇಗಿತ್ತೋ ಹಾಗೆ ಮಾಡಿಕೊಡಿ ಅನ್ನುತ್ತಾರೆ.

ಹೊಸಬರು ಇದನ್ನು ಬಿಚ್ಚಿ-ಹಾಕುವ ಕೆಲಸ ಅಂದುಕೊಳ್ಳುತ್ತಾರೆ. ಪೈಪು ಬದಲಿಸುವುದೇನೋ ಅರ್ಧ ದಿನದ ಮಾತು. ಆದರೆ ಆ ಹೊರಗಿನ ಪೈಪನ್ನು ಹೇಗಾದರೂ ಕೂರಿಸಬೇಕೆಂದು ಹಿಂದಿನವರು ಗಾಡಿಯಲ್ಲಿ ಏನೇನು ಬಗ್ಗಿಸಿದ್ದಾರೆ, ಉಜ್ಜಿದ್ದಾರೆ, ಕೊರೆದಿದ್ದಾರೆ ಎಂದು ಹುಡುಕಿ ಅದನ್ನೆಲ್ಲ ಹಿಂದಕ್ಕೆ ತರುವುದೇ ನಿಜವಾದ ಕೆಲಸ. ಅದನ್ನು ಬಿಟ್ಟರೆ ಎಷ್ಟು ಒಳ್ಳೆಯ ಮೂಲ ಮಾದರಿಯ ಪೈಪು ತಂದರೂ ಸೋರುತ್ತದೆ, ಇಲ್ಲವೇ ಆರು ತಿಂಗಳಲ್ಲಿ ಸೀಳುತ್ತದೆ.

ಮೊದಲು ಮೂಲ ವ್ಯವಸ್ಥೆಯ ಬಗ್ಗೆ. ಎಂಜಿಬಿ 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್‌ಡನ್ ಕಾರ್ಖಾನೆಯಲ್ಲಿ ತಯಾರಾದ ಗಾಡಿ. ಎಂಜಿನ್ 1798 ಸಿಸಿಯ ಬಿ-ಸೀರೀಸ್. ನಾಲ್ಕು ಸಿಲಿಂಡರ್ ಇದ್ದರೂ ಅವುಗಳ ಮೇಲಿನ ಮುಚ್ಚಳವಾದ ಹೆಡ್ಡಿನಲ್ಲಿ ಹೊಗೆ ಹೊರಬರುವ ಬಾಯಿ ಮೂರೇ. 2 ಮತ್ತು 3ನೇ ಸಿಲಿಂಡರಿಗೆ ನಡುವೆ ಒಂದೇ ಬಾಯಿ, 1 ಮತ್ತು 4ಕ್ಕೆ ಎರಡು ತುದಿಯಲ್ಲಿ ಒಂದೊಂದು. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-3-4-2. ಹಾಗಾಗಿ 2 ಮತ್ತು 3ರ ಹೊಗೆ ಒಂದು ಪೂರ್ತಿ ಸುತ್ತಿನ ಅಂತರದಲ್ಲಿ ಬರುತ್ತದೆ, 1 ಮತ್ತು 4ರದೂ ಅಷ್ಟೇ. ಎರಕದ ಮ್ಯಾನಿಫೋಲ್ಡಿನಲ್ಲಿ ನಡುವಿನ ಜೋಡಿಗೊಂದು, ತುದಿಯ ಜೋಡಿಗೊಂದು ದಾರಿ ಬೇರೆ ಬೇರೆ ಇದ್ದು, ಕೆಳಗೆ ಎರಡು ಕಾಲಿನ ಮುಂಭಾಗದ ಪೈಪಿನಲ್ಲಿ ಹೋಗಿ ಕೂಡುತ್ತವೆ. ಟ್ಯೂಬುಲರ್ ಮ್ಯಾನಿಫೋಲ್ಡ್ ಮಾರುವವರು ಹೇಳುವ ಲಾಭದಲ್ಲಿ ದೊಡ್ಡ ಪಾಲನ್ನು ಆ ಕಾಲದ ಎಂಜಿನಿಯರುಗಳು ಎರಕದಲ್ಲೇ ಕೊಟ್ಟಿದ್ದರು. ರೇಸಿಗೆ ಕಟ್ಟಿದ ಎಂಜಿನ್ ಅಲ್ಲದಿದ್ದರೆ ಎರಕದ ಮ್ಯಾನಿಫೋಲ್ಡಿಗೆ ಮರಳಿದ್ದರಿಂದ ಗಾಡಿ ಮಂಕಾಯಿತು ಅನ್ನಿಸುವುದಿಲ್ಲ.

ಗುಂಯ್ ಅನ್ನುವ ಸದ್ದಿಗೂ ಲೆಕ್ಕವಿದೆ. ನಾಲ್ಕು ಸಿಲಿಂಡರಿನ ಎಂಜಿನ್ ಸುತ್ತಿಗೆ ಎರಡು ಸಲ ಹೊಗೆ ತಳ್ಳುತ್ತದೆ. 3000 ಆರ್‌ಪಿಎಂನಲ್ಲಿ ಅದು ಸೆಕೆಂಡಿಗೆ 100 ಬಡಿತ. ಈ ದಪ್ಪ ಸದ್ದನ್ನು ಬರೀ ಗಾಜಿನ ನಾರು ತುಂಬಿದ ನೇರ ಕೊಳವೆಯ ಸೈಲೆನ್ಸರ್ ಹೀರಲಾರದು, ಅದು ಚೂಪು ಸದ್ದನ್ನು ಮಾತ್ರ ಹೀರುತ್ತದೆ. ಎರಡು ಸೈಲೆನ್ಸರಿನ ಮೂಲ ಜೋಡಣೆ ಈ ಬಡಿತವನ್ನು ಹಂತ ಹಂತವಾಗಿ ಇಳಿಸುತ್ತದೆ. ಮುಚ್ಚಿದ ಮೈಯ ಜಿಟಿ ಮಾದರಿಯಲ್ಲಿ ಇದೇ ಸದ್ದು ಒಳಗೆ ಡೋಲಿನ ಹಾಗೆ ಕೂಡಿಕೊಳ್ಳುತ್ತದೆ. ಇನ್ನು ಅಳತೆ: ಮೂಲ ಪೈಪು 1¾ ಇಂಚು. 2 ಇಂಚು ಅಂದರೆ ಕಾಲಿಂಚು ಮಾತ್ರ ಹೆಚ್ಚು ಅನ್ನಿಸಬಹುದು, ಆದರೆ ಅಡ್ಡಕೊಯ್ತದ ಅಳತೆ ಸುಮಾರು 30 ಶೇಕಡಾ ಹೆಚ್ಚಾಗುತ್ತದೆ. ಆಕ್ಸಲ್ ಮತ್ತು ಮೈಯ ನಡುವೆ ಇರುವ ಇಕ್ಕಟ್ಟಿನ ಜಾಗದಲ್ಲಿ ಆ ಕಾಲಿಂಚೇ ತಗಲುವುದು.

ಬಿಚ್ಚುವ ಮೊದಲು ಒಂದು ಗಂಟೆ ಗಾಡಿಯ ಅಡಿಯಲ್ಲಿ ಮಲಗಿ ನೋಡಿ. ಫೋಟೋ ತೆಗೆಯಿರಿ. ಪೈಪಿಗೆ ಅಯಸ್ಕಾಂತ ಹಿಡಿಯಿರಿ: 304 ದರ್ಜೆಯ ಸ್ಟೇನ್‌ಲೆಸ್‌ಗೆ ಅದು ಅಂಟುವುದಿಲ್ಲ, 409 ದರ್ಜೆಯದಕ್ಕೂ ಮೈಲ್ಡ್ ಸ್ಟೀಲಿಗೂ ಅಂಟುತ್ತದೆ. ನೇತುಹಾಕುವ ಬ್ರ್ಯಾಕೆಟ್ಟುಗಳು ನೇರವಾಗಿವೆಯೇ, ಯಾರಾದರೂ ಹೊಸ ಪಟ್ಟಿ ವೆಲ್ಡ್ ಮಾಡಿದ್ದಾರೆಯೇ, ನೆಲದ ತಗಡಿನಲ್ಲಿ ಹೊಸ ತೂತು ಇದೆಯೇ ನೋಡಿ. ಎಂಜಿನ್ ಮತ್ತು ಗೇರ್‌ಬಾಕ್ಸಿನ ರಬ್ಬರ್ ಮೌಂಟುಗಳನ್ನೂ ಈಗಲೇ ನೋಡಬೇಕು. ಮೌಂಟು ಸತ್ತಿದ್ದರೆ ಎಂಜಿನ್ ಹೊರಳುವ ಭಾರವೆಲ್ಲ ಪೈಪಿನ ಮೇಲೆ ಬೀಳುತ್ತದೆ, ಎರಡು ಕಾಲು ಕೂಡುವ ಕಡೆಯಲ್ಲೇ ಅದು ಬಿರಿಯುತ್ತದೆ. ಹೊಸ ಪೈಪು ಬಿರಿದರೆ ಬೈಗುಳ ಪೈಪು ಮಾಡಿದವನಿಗೆ ಬೀಳುತ್ತದೆ, ತಪ್ಪು ಮಾತ್ರ ರಬ್ಬರಿನದು.

ತರಿಸಬೇಕಾದ ಸಾಮಾನು: ಎರಕದ ಮ್ಯಾನಿಫೋಲ್ಡ್, ಎರಡು ಕಾಲಿನ ಮುಂಭಾಗದ ಪೈಪು, ಎರಡೂ ಸೈಲೆನ್ಸರ್, ಗಾಳಿ ಒಳಬರುವ ಬದಿಗೂ ಹೊಗೆ ಹೊರಹೋಗುವ ಬದಿಗೂ ಸೇರಿ ಬರುವ ಒಂದೇ ತುಂಡಿನ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಕೆಳಗಿನ ಜೋಡಣೆಗೆ ಎರಡು ಗ್ಯಾಸ್ಕೆಟ್, ಆರು ಸ್ಟಡ್ (ತಲೆಯಿಲ್ಲದ ಬೋಲ್ಟ್), ಆರು ಹಿತ್ತಾಳೆ ನಟ್ಟು, ಪೈಪಿನ ಅಳತೆಗೆ ಸರಿಯಾದ ಕ್ಲ್ಯಾಂಪುಗಳು, ಹೊಸ ರಬ್ಬರ್ ನೇತುಗಳು. ಹಳೆಯ ರಬ್ಬರ್ ನೋಡಲು ಗಟ್ಟಿಯಾಗಿದ್ದರೂ ಮತ್ತೆ ಬಳಸಬೇಡಿ. ನಟ್ಟು ಹಿತ್ತಾಳೆಯದೇ ಆಗಿರಲಿ. ಉಕ್ಕಿನ ಸ್ಟಡ್ ಮೇಲೆ ಉಕ್ಕಿನ ನಟ್ಟು ಬಿಸಿಗೆ ಒಂದಾಗಿ ಹೋಗುತ್ತದೆ, ಹಿತ್ತಾಳೆಯದು ಹತ್ತು ವರ್ಷ ಬಿಟ್ಟರೂ ಸಾಧಾರಣವಾಗಿ ತಿರುಗುತ್ತದೆ.

ಬಿಚ್ಚುವಾಗ ಬ್ಯಾಟರಿ ಸಂಪರ್ಕ ತೆಗೆಯಿರಿ, ಗಾಡಿಯನ್ನು ಜಾಕ್ ಮೇಲೆ ಬಿಡದೆ ಸ್ಟ್ಯಾಂಡ್ ಮೇಲೆ ಕೂರಿಸಿ. ಹಿಂದಿನ ದಿನವೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಇವು ಇಂಚಿನ ಅಳತೆಯ ಗಾಡಿಗಳು. ಅರ್ಧ ಇಂಚು ಅಂದರೆ 12.7 ಮಿಮೀ, 13ರ ಸಾಕೆಟ್ ಹಾಕಿದರೆ ಕೂತಂತೆ ಕಂಡು ಮೂಲೆ ತಿನ್ನುತ್ತದೆ. ಹನ್ನೆರಡು ಮೂಲೆಯ ಸಾಕೆಟ್ ಬೇಡ, ಆರು ಮೂಲೆಯದನ್ನೇ ಹಾಕಿ. ಮಿಸುಕದಿದ್ದರೆ ಬಲ ಹಾಕಬೇಡಿ. ಕಾಲು ಸುತ್ತು ಬಿಚ್ಚಿ, ಕಾಲು ಸುತ್ತು ಬಿಗಿ ಮಾಡಿ, ಎಣ್ಣೆ ಬಿಡುತ್ತಾ ಹೋಗಿ. ನಟ್ಟು ಪೂರ್ತಿ ಕೆಟ್ಟಿದ್ದರೆ ಗರಗಸದಿಂದ ಉದ್ದಕ್ಕೆ ಸೀಳಿ ತೆಗೆಯುವುದು ಸ್ಟಡ್ ಮುರಿಯುವುದಕ್ಕಿಂತ ಎಷ್ಟೋ ವಾಸಿ. ಸ್ಟಡ್ ಬಿಚ್ಚುವುದಕ್ಕೆ ಎರಡು ನಟ್ಟು ಒಂದಕ್ಕೊಂದು ಬಿಗಿದು ಒಳಗಿನದನ್ನು ತಿರುಗಿಸಿ. ಬರದಿದ್ದರೆ ಸ್ಟಡ್ಡಿಗಲ್ಲ, ಸುತ್ತಲಿನ ಎರಕಕ್ಕೆ ಶಾಖ ಕೊಡಿ. ಇದನ್ನು ಮ್ಯಾನಿಫೋಲ್ಡನ್ನು ಹೊರಗೆ ತೆಗೆದು ಮೇಜಿನ ಮೇಲೆ ಇಟ್ಟೇ ಮಾಡಬೇಕು. ಕಾರ್ಬ್ಯುರೇಟರಿನ ಕೆಳಗೆ ಬೆಂಕಿ ಹಿಡಿಯುವ ಕೆಲಸ ಯಾವತ್ತೂ ಬೇಡ. ಹಳೆಯ ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು ಇರಬಹುದು. ಒದ್ದೆ ಮಾಡಿ ಕೆರೆಯಿರಿ, ಮಾಸ್ಕ್ ಹಾಕಿಕೊಳ್ಳಿ, ಒಣಗಿದ್ದಾಗ ವೈರ್ ಬ್ರಷ್ ಹಚ್ಚಬೇಡಿ.

ಈಗ ತಲೆಬರಹದ ವಾಷರ್ ವಿಷಯ. ಬಿ-ಸೀರೀಸ್ ಎಂಜಿನ್ನಿನಲ್ಲಿ ಗಾಳಿ ಒಳಬಿಡುವ ಅಲ್ಯೂಮಿನಿಯಂ ಮ್ಯಾನಿಫೋಲ್ಡೂ ಹೊಗೆಯ ಮ್ಯಾನಿಫೋಲ್ಡೂ ಹೆಡ್ಡಿನ ಒಂದೇ ಬದಿಯಲ್ಲಿ, ಒಂದರ ಪಕ್ಕ ಒಂದು ಕೂರುತ್ತವೆ. ಅವನ್ನು ಹೆಡ್ಡಿಗೆ ಹಿಡಿಯುವ ಸ್ಟಡ್ ಆರು. ಎರಡು ತುದಿಯವು ಹೊಗೆಯ ಮ್ಯಾನಿಫೋಲ್ಡನ್ನು ಮಾತ್ರ ಹಿಡಿಯುತ್ತವೆ. ನಡುವಿನ ನಾಲ್ಕರ ಮೇಲೆ ಒಂದೊಂದು ದೊಡ್ಡ ದಪ್ಪ ವಾಷರ್ ಇದ್ದು, ಅದರ ಅರ್ಧ ಒಂದು ಮ್ಯಾನಿಫೋಲ್ಡಿನ ಕಿವಿಯ (ಸ್ಟಡ್ ಪಕ್ಕಕ್ಕೆ ಚಾಚಿದ ಚಪ್ಪಟೆ ಅಂಚು) ಮೇಲೆ, ಇನ್ನರ್ಧ ಇನ್ನೊಂದರ ಕಿವಿಯ ಮೇಲೆ ಕೂತು ಎರಡನ್ನೂ ಒಟ್ಟಿಗೆ ಅಮುಕುತ್ತದೆ. ಎರಡು ಕಿವಿಗಳ ದಪ್ಪ ಒಂದೇ ಇದ್ದರೆ ಮಾತ್ರ ವಾಷರ್ ಸಮನಾಗಿ ಕೂರುತ್ತದೆ.

ಟ್ಯೂಬುಲರ್ ಮ್ಯಾನಿಫೋಲ್ಡಿನ ತಗಡಿನ ಕಿವಿ ಎರಕದ ಕಿವಿಯಷ್ಟು ದಪ್ಪ ಇರುವುದು ಅಪರೂಪ. ವಾಷರ್ ಓರೆಯಾಗುತ್ತದೆ. ದಪ್ಪ ಕಿವಿಯ ಮೇಲೆ ಭಾರ ಬಿದ್ದು ತೆಳು ಕಿವಿ ಸಡಿಲವಾಗಿ ಉಳಿಯುತ್ತದೆ, ಹೊಗೆ ಪುಸ್ ಪುಸ್ ಎಂದು ಸೋರುತ್ತದೆ. ಇದನ್ನು ಸರಿಮಾಡಲು ಹಿಂದಿನವರು ವಾಷರಿನ ಒಂದು ಬದಿಯನ್ನು ಅರದಿಂದ ಉಜ್ಜಿ ಮೆಟ್ಟಿಲು ಮಾಡಿರುತ್ತಾರೆ, ಇಲ್ಲವೇ ತೆಳು ಕಿವಿಯ ಮೇಲೆ ತಗಡಿನ ಚೂರು ಇಟ್ಟಿರುತ್ತಾರೆ. ಆ ಮ್ಯಾನಿಫೋಲ್ಡಿಗೆ ಅದು ಸರಿಯಾದ ಉಪಾಯವೇ. ಆದರೆ ಎರಕದ ಮ್ಯಾನಿಫೋಲ್ಡ್ ವಾಪಸು ಬಂದ ಮೇಲೂ ಅದೇ ಉಜ್ಜಿದ ವಾಷರ್ ಹಾಕಿದರೆ ತಪ್ಪು ತಿರುಗುಮುರುಗಾಗುತ್ತದೆ. ಈಗ ಸಡಿಲವಾಗುವುದು ಗಾಳಿ ಒಳಬರುವ ಬದಿ. ಅಲ್ಲಿ ಸದ್ದು ಬರುವುದಿಲ್ಲ. ಕಳ್ಳಗಾಳಿ ಒಳಗೆ ಹೋಗಿ ಗಾಳಿ-ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ, ಐಡ್ಲಿಂಗ್ ನಿಲ್ಲುವುದಿಲ್ಲ, ಎಲ್ಲರೂ ಕಾರ್ಬ್ಯುರೇಟರ್ ಬಿಚ್ಚಲು ಹೋಗುತ್ತಾರೆ. ಬಿಗಿ ಸಾಲದೆಂದು ನಟ್ಟು ಇನ್ನಷ್ಟು ತಿರುವಿದರೆ ಅಲ್ಯೂಮಿನಿಯಂ ಕಿವಿ ಮುರಿಯುವುದೂ ಉಂಟು.

ಹಾಗಾಗಿ ವರ್ನಿಯರ್ ತೆಗೆದುಕೊಂಡು ಎಂಟೂ ಕಿವಿಗಳ ದಪ್ಪ ಅಳೆದು ಬರೆದಿಡಿ. ಅಕ್ಕಪಕ್ಕದ ಕಿವಿಗಳಲ್ಲಿ 0.1 ಮಿಮೀಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ನಾವು ಬಿಡುವುದಿಲ್ಲ. ನಾಲ್ಕೂ ವಾಷರ್ ಹೊಸದು ಹಾಕಿ, ಹಳೆಯವನ್ನು ಡಬ್ಬಿಯಲ್ಲೂ ಉಳಿಸಬೇಡಿ. ಎರಕದ ಮ್ಯಾನಿಫೋಲ್ಡ್ ಹಳೆಯದಾದರೆ ಸ್ಟಡ್ ಸುತ್ತ ಬಿರುಕು ಇದೆಯೇ ನೋಡಿ, ಮೂರು ಬಾಯಿಗೂ ಅಡ್ಡಲಾಗಿ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ. ಸೊಟ್ಟಗಿದ್ದರೆ ಮೆಷಿನ್ ಶಾಪಿನಲ್ಲಿ ಮಟ್ಟ ಮಾಡಿಸಿ, ಆಮೇಲೆ ಕಿವಿಗಳ ದಪ್ಪ ಮತ್ತೊಮ್ಮೆ ಅಳೆಯಿರಿ, ಏಕೆಂದರೆ ಮುಖ ಕೆತ್ತಿದಷ್ಟೂ ಕಿವಿ ತೆಳುವಾಗಿರುತ್ತದೆ. ಈ ಎರಡನೇ ಅಳತೆ ಮರೆಯುವವರೇ ಹೆಚ್ಚು. ಕೂರಿಸುವಾಗ ನಡುವಿನಿಂದ ಹೊರಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ, ಕೊನೆಯ ಬಿಗಿ 15 ಪೌಂಡ್-ಅಡಿ, ಅಂದರೆ ಸುಮಾರು 20 ನ್ಯೂಟನ್ ಮೀಟರ್. ಕಾರ್ಬ್ಯುರೇಟರಿನ ಹಿಂದಿರುವ ಶಾಖ ತಡೆಯುವ ತಗಡನ್ನು ಟ್ಯೂಬುಲರ್ ಹಾಕುವಾಗ ಕತ್ತರಿಸಿದ್ದರೆ ಅದನ್ನೂ ಹೊಸದು ಹಾಕಬೇಕು.

ಪೈಪು ಕೂರಿಸುವ ಕ್ರಮ ಸರಳ, ತಾಳ್ಮೆ ಬೇಕು. ಮುಂದಿನಿಂದ ಹಿಂದಕ್ಕೆ ಎಲ್ಲವನ್ನೂ ಸಡಿಲವಾಗಿ ತೂಗುಹಾಕಿ. ಯಾವ ಕ್ಲ್ಯಾಂಪನ್ನೂ ಬಿಗಿಯಬೇಡಿ. ಮುಂಭಾಗದ ಎರಡು ಕಾಲು ಮ್ಯಾನಿಫೋಲ್ಡಿಗೆ ಕೈಯಿಂದಲೇ ಚಪ್ಪಟೆಯಾಗಿ ತಾಗಬೇಕು. ಒಂದು ಕಾಲು ತಾಗಿ ಇನ್ನೊಂದರಲ್ಲಿ 2 ಮಿಮೀ ಸಂದು ಕಂಡರೆ ನಟ್ಟಿನಿಂದ ಎಳೆದು ಮುಚ್ಚಬೇಡಿ. ಪೈಪೇ ಸೊಟ್ಟ ಇದೆ, ವಾಪಸು ಕೊಡಿ. ಎಳೆದು ಕೂರಿಸಿದ ಜೋಡಣೆ ಬಿಸಿಯಾದಾಗ ತನ್ನ ಮೂಲ ಆಕಾರಕ್ಕೆ ತಿರುಗಲು ನೋಡುತ್ತದೆ, ಸ್ಟಡ್ ಮುರಿಯುವುದು ಆಗಲೇ. ಆಕಾರ ಕೂತ ಮೇಲೆ ಮುಂದಿನ ಆರು ನಟ್ಟು ಬಿಗಿಮಾಡಿ, ಅಲ್ಲಿಂದ ಒಂದೊಂದೇ ಕ್ಲ್ಯಾಂಪ್ ಹಿಂದಕ್ಕೆ ಬನ್ನಿ. ಪೈಪಿನೊಳಗೆ ಪೈಪು ತೂರುವ ಕಡೆ ಸೀಲಿಂಗ್ ಪೇಸ್ಟ್ ತೆಳುವಾಗಿ ಸಾಕು.

ಆಕ್ಸಲ್ ಹತ್ತಿರದ ಜಾಗವನ್ನು ನೋಡುವುದರಲ್ಲಿ ಒಂದು ಮೋಸವಿದೆ. ಗಾಡಿಯನ್ನು ಮೈಗೆ ಸ್ಟ್ಯಾಂಡ್ ಕೊಟ್ಟು ಎತ್ತಿದ್ದರೆ ಹಿಂದಿನ ಆಕ್ಸಲ್ ಕೆಳಕ್ಕೆ ಜೋತುಬಿದ್ದಿರುತ್ತದೆ. ಪೈಪು ಆಕ್ಸಲ್ ಮೇಲಿಂದ ದಾಟಿ ಹೋಗುವ ಗಾಡಿ ಇದು. ಆಗ ಸಂದು ಧಾರಾಳವಾಗಿ ಕಾಣುತ್ತದೆ. ನೆಲಕ್ಕೆ ಇಳಿಸಿ, ಇಬ್ಬರನ್ನು ಕೂರಿಸಿದರೆ ಸಂದು ಮಾಯ, ಹಂಪ್ ಮೇಲೆ ಧಡ್ ಎಂದು ಬಡಿಯುತ್ತದೆ. ಆದ್ದರಿಂದ ಆಕ್ಸಲ್ ಅಡಿಗೇ ಸ್ಟ್ಯಾಂಡ್ ಕೊಟ್ಟು, ಲೀಫ್ ಸ್ಪ್ರಿಂಗ್ ಮೇಲೆ ಗಾಡಿಯ ಪೂರ್ತಿ ಭಾರ ಬಿಟ್ಟು ನೋಡಬೇಕು. ಆಮೇಲೆ ಡಿಕ್ಕಿಯ ಮೇಲೆ ಇಬ್ಬರು ಒತ್ತಲಿ, ಒಬ್ಬರು ಪಕ್ಕದಿಂದ ಟಾರ್ಚ್ ಹಿಡಿದು ನೋಡಲಿ. ಆಕ್ಸಲ್ ಮೈಗೆ ಬಡಿಯದಂತೆ ತಡೆಯುವ ಬಂಪ್ ರಬ್ಬರ್ ತಾಗುವಷ್ಟು ಆಕ್ಸಲ್ ಮೇಲೆ ಬಂದಾಗಲೂ ಪೈಪು ತಗಲಬಾರದು.

ಮೂಲ ಮಾದರಿಯನ್ನೇ ಸ್ಟೇನ್‌ಲೆಸ್‌ನಲ್ಲಿ ಹಾಕಿಸುವವರೂ ಇದ್ದಾರೆ, ತಪ್ಪೇನಿಲ್ಲ. ಆದರೆ ಅದು ಬಿಸಿಗೆ ಹೆಚ್ಚು ಹಿಗ್ಗುತ್ತದೆ: ಎರಡು ಮೀಟರ್ ಉದ್ದದ ಪೈಪು 200 ಡಿಗ್ರಿ ಏರಿದರೆ 304 ಸ್ಟೇನ್‌ಲೆಸ್ ಸುಮಾರು 7 ಮಿಮೀ ಉದ್ದವಾಗುತ್ತದೆ, ಮೈಲ್ಡ್ ಸ್ಟೀಲ್ ಸುಮಾರು 5 ಮಿಮೀ. ರಬ್ಬರ್ ನೇತು ತಣ್ಣಗಿದ್ದಾಗ ಸ್ವಲ್ಪ ಮುಂದಕ್ಕೆ ವಾಲಿರುವಂತೆ ಕೂರಿಸಿದರೆ ಬಿಸಿಯಲ್ಲಿ ಅದು ನೆಟ್ಟಗಾಗುತ್ತದೆ. ಸ್ಟೇನ್‌ಲೆಸ್ ನಟ್ಟು-ಬೋಲ್ಟಿಗೆ ಆಂಟಿ-ಸೀಜ್ (ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಹಚ್ಚದೆ ತಿರುವಬೇಡಿ, ಅರ್ಧ ದಾರಿಯಲ್ಲೇ ಕಚ್ಚಿಕೊಳ್ಳುತ್ತವೆ. ಕೊನೆಯ ಪೈಪು ಬಂಪರಿಗಿಂತ ಸ್ವಲ್ಪ ಹೊರಗೆ ಬಂದಿರಲಿ. ಬಂಪರಿನ ಅಡಿಯಲ್ಲೇ ನಿಂತರೆ, ರೋಡ್‌ಸ್ಟರ್ (ಮೇಲೆ ತೆರೆದ ಮಾದರಿ) ಓಡುವಾಗ ಹಿಂದೆ ಸುಳಿಯುವ ಗಾಳಿ ಹೊಗೆಯನ್ನು ಸೀಟಿನ ಕಡೆಗೇ ತರುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಗೇರ್ ಲಿವರಿನ ರಬ್ಬರ್ ಮತ್ತು ನೆಲದ ತೂತುಗಳ ಬಿರಡೆಗಳನ್ನು ಇದೇ ಸಲ ನೋಡಿ ಮುಚ್ಚಿ.

ಸ್ಟಾರ್ಟ್ ಮಾಡಿದ ಮೊದಲ ಒಂದು ನಿಮಿಷವೇ ಸೋರಿಕೆ ಹಿಡಿಯುವ ಹೊತ್ತು. ಲೋಹ ಬಿಸಿಯಾಗಿ ಹಿಗ್ಗಿದರೆ ಸಣ್ಣ ಸಂದು ಮುಚ್ಚಿಹೋಗಿ ಸದ್ದು ಅಡಗುತ್ತದೆ. ದಪ್ಪ ಕೈಗವಸು ಹಾಕಿ ಹಿಂದಿನ ಬಾಯಿಯನ್ನು ಬಟ್ಟೆಯಿಂದ ಅರೆಬರೆ ಮುಚ್ಚಿದರೆ ಎಲ್ಲಿ ಟಿಕ್ ಟಿಕ್ ಅನ್ನುತ್ತದೆ ಎಂದು ಕೇಳಿಸುತ್ತದೆ. ಗಾಳಿಯ ಬದಿಯ ಪರೀಕ್ಷೆಗೆ ಬಿಸಿ ಮ್ಯಾನಿಫೋಲ್ಡ್ ಪಕ್ಕ ಕಾರ್ಬ್ಯುರೇಟರ್ ಕ್ಲೀನರ್ ಎರಚಬೇಡಿ, ಬೆಂಕಿ ಹತ್ತುತ್ತದೆ. ಹನಿ ನೀರು ಚಿಮುಕಿಸಿ. ಎಂಜಿನ್ ಸದ್ದು ಬದಲಾದರೆ ಸೋರಿಕೆ ಅಲ್ಲೇ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಎಸ್‌ಯು ಕಂಪನಿಯ ಎರಡೂ ಕಾರ್ಬ್ಯುರೇಟರುಗಳ ಮಿಶ್ರಣ ನೋಡಿ. ಕಾರ್ಬ್ಯುರೇಟರಿನೊಳಗಿನ ಪಿಸ್ಟನ್ನನ್ನು ಸುಮಾರು 0.8 ಮಿಮೀ ಎತ್ತಿದಾಗ ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಹೆಚ್ಚು, ಕೂಡಲೇ ಇಳಿದರೆ ಕಡಿಮೆ, ಕ್ಷಣ ಏರಿ ಸಮಕ್ಕೆ ಬಂದರೆ ಸರಿ. ದೊಡ್ಡ ಪೈಪಿಗೆಂದು ಪೆಟ್ರೋಲಿನ ಪ್ರಮಾಣ ನಿಯಂತ್ರಿಸುವ ಸೂಜಿಯನ್ನೂ ಬದಲಿಸಿರುವ ಗಾಡಿಗಳಿವೆ, ಅದಕ್ಕೆ ಸೂಜಿಯ ಕತ್ತಿನ ಗುರುತು ಓದಿ ಆ ಎಂಜಿನ್ ಸಂಖ್ಯೆಗೆ ಕೈಪಿಡಿಯಲ್ಲಿ ಹೇಳಿರುವುದರೊಂದಿಗೆ ತಾಳೆ ನೋಡಿ.

ಸುಮಾರು 150 ಕಿಲೋಮೀಟರ್ ಓಡಿದ ಮೇಲೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಮ್ಯಾನಿಫೋಲ್ಡಿನ ನಟ್ಟುಗಳನ್ನೂ ಕೆಳಗಿನ ಆರು ಹಿತ್ತಾಳೆ ನಟ್ಟುಗಳನ್ನೂ ಮತ್ತೊಮ್ಮೆ ಬಿಗಿ ನೋಡಬೇಕು. ಜೋಡಣೆಯ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂತೆ ಕಪ್ಪು ಮಸಿಯ ಗೆರೆ ಬಂದಿದ್ದರೆ ಅಲ್ಲಿ ಗ್ಯಾಸ್ಕೆಟ್ ಕೂತಿಲ್ಲ. ಗಾಡಿ ಕೊಡುವಾಗ ಮಾಲೀಕರಿಗೆ ಇನ್ನೊಂದು ಮಾತು ಹೇಳಿ ಕಳಿಸುತ್ತೇವೆ: ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಪೈಪಿನಲ್ಲಿ ಹೋಗುತ್ತದೆ. ಚಳಿಗಾಲದಲ್ಲಿ ಶೆಡ್ಡಿನಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಆ ನೀರು ಹಿಂದಿನ ಸೈಲೆನ್ಸರಿನಲ್ಲೇ ನಿಂತು ಒಳಗಿನಿಂದ ತುಕ್ಕು ತಿನ್ನುತ್ತದೆ. ಸ್ಟಾರ್ಟ್ ಮಾಡಿದರೆ ಕನಿಷ್ಠ ಇಪ್ಪತ್ತು ನಿಮಿಷ ರಸ್ತೆಯಲ್ಲಿ ಓಡಿಸಿ, ಇಲ್ಲವಾದರೆ ಸ್ಟಾರ್ಟ್ ಮಾಡಲೇಬೇಡಿ.