ಬ್ರಹ್ಮಗಿರಿ ಶಾಸನದ ಮೊದಲ ಸಾಲು

ಪದವಿ ತರಗತಿಗಳಿಗೆ ಇತಿಹಾಸ ಬೋಧಿಸುವ ನಾನು ಮೌರ್ಯರ ಪಾಠವನ್ನು ವರ್ಷಗಟ್ಟಲೆ ಭೂಪಟದಿಂದಲೇ ಆರಂಭಿಸುತ್ತಿದ್ದೆ. ಕಂದಹಾರದಿಂದ ಕರ್ನಾಟಕದವರೆಗೆ ಒಂದೇ ಬಣ್ಣ. ಅರಸ ಪಾಟಲಿಪುತ್ರದಲ್ಲಿ ನುಡಿದದ್ದು ಎಲ್ಲೆಡೆ ಹಾಗೆಯೇ ನಡೆಯಿತು ಎಂಬ ತಪ್ಪು ತಿಳಿವಳಿಕೆಯನ್ನು ಆ ಬಣ್ಣವೇ ಬಿತ್ತುತ್ತಿತ್ತು. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಸರ್, ಅಲ್ಲಿನ ಆಜ್ಞೆ ಇಲ್ಲಿಗೆ ಹೇಗೆ ಬರುತ್ತಿತ್ತು? ಇಲ್ಲಿನವರು ಅದನ್ನು ಪಾಲಿಸಿದರೋ ಇಲ್ಲವೋ ಎಂಬುದು ಅಶೋಕನಿಗೆ ತಿಳಿಯುತ್ತಿದ್ದುದು ಹೇಗೆ?" ನಾನು ರಜ್ಜುಕ, ಮಹಾಮಾತ್ರ ಎಂದು ಮೌರ್ಯ ಅಧಿಕಾರಿಗಳ ಪದನಾಮಗಳನ್ನು ಒಪ್ಪಿಸಿ ಮುಂದೆ ಸಾಗಿದೆ. ಅದು ಉತ್ತರವಲ್ಲ ಎಂಬುದು ಅವಳಿಗೂ ಗೊತ್ತಿತ್ತು, ನನಗೂ.

ಮನೆಗೆ ಬಂದು ಅಶೋಕನ ಬ್ರಹ್ಮಗಿರಿ ಶಾಸನವನ್ನು ಮತ್ತೆ ತೆರೆದೆ. ಮೊಳಕಾಲ್ಮೂರು ತಾಲ್ಲೂಕಿನ ಆ ಬಂಡೆಯ ಧರ್ಮೋಪದೇಶವನ್ನಷ್ಟೇ ನಾನು ಪಾಠ ಮಾಡುತ್ತಿದ್ದೆ, ಒಕ್ಕಣೆಯ ಕಡೆ ಕಣ್ಣು ಹಾಯಿಸಿರಲಿಲ್ಲ. ಅರಸನ ಮಾತು ಅಲ್ಲಿ ನೇರವಾಗಿ ಆರಂಭವಾಗುವುದೇ ಇಲ್ಲ. ದಕ್ಷಿಣದ ಆಡಳಿತ ಕೇಂದ್ರವಾದ ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಮಹಾಮಾತ್ರರು ಮೊದಲು ಈ ಭಾಗದ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸುತ್ತಾರೆ, ಆಮೇಲೆ ದೇವಾನಾಂಪ್ರಿಯನ, ಅಂದರೆ ಅಶೋಕನ, ಆಜ್ಞೆಯನ್ನು ದಾಟಿಸುತ್ತಾರೆ. ಕೊನೆಯಲ್ಲಿ ಬರೆದವನ ಹೆಸರು ಚಪಡ. ಅವನು ಲಿಪಿಕಾರ ಎಂಬ ಪದವನ್ನು ಮಾತ್ರ ವಾಯವ್ಯ ಭಾಗದ ಖರೋಷ್ಠಿ ಲಿಪಿಯಲ್ಲಿ ಕೆತ್ತಲಾಗಿದೆ. ಒಂದು ಆಜ್ಞೆ ಎಷ್ಟು ಕೈಗಳನ್ನು ದಾಟಿ ಬಂದಿತೆಂದು ಆ ಬಂಡೆಯೇ ಹೇಳುತ್ತಿತ್ತು. ಅದನ್ನು ಓದುವುದೇ ನನ್ನ ವೃತ್ತಿಯಾಗಿದ್ದರೂ ನಾನು ಓದಿರಲಿಲ್ಲ.

ಅವಳ ಎರಡನೆಯ ಪ್ರಶ್ನೆಗೆ ಕಳಿಂಗದ (ಇಂದಿನ ಒಡಿಶಾ) ಧೌಲಿಗೆ ಹೋಗಬೇಕಾಯಿತು. ಅಲ್ಲಿನ, 'ಪ್ರತ್ಯೇಕ ಶಾಸನ' ಎಂದೇ ಕರೆಯುವ ಶಾಸನದಲ್ಲಿ ಅಶೋಕ ಆ ಪ್ರಾಂತದ ಕೇಂದ್ರವಾದ ತೋಸಲಿಯ ನ್ಯಾಯಾಧಿಕಾರಿಗಳಿಗೆ, ಕಾರಣವಿಲ್ಲದೆ ಜನರು ಸೆರೆಗೆ ಬೀಳುತ್ತಿದ್ದಾರೆ ಎನ್ನುತ್ತಾನೆ. ಅಸೂಯೆ, ಕೋಪ, ಆತುರ, ಆಲಸ್ಯ, ದಣಿವು ನಿಮ್ಮನ್ನು ಮುಟ್ಟದಿರಲಿ ಎಂದು ಎಚ್ಚರಿಸುತ್ತಾನೆ. ಅಧಿಕಾರಿಯ ದಣಿವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಆ ಅರಸನ ಬಗ್ಗೆ ನನಗೆ ಅಪಾರ ಗೌರವ. ತಪಾಸಣೆಗಾಗಿ ಐದು ವರ್ಷಕ್ಕೊಮ್ಮೆ ಮಹಾಮಾತ್ರನನ್ನು ಕಳುಹಿಸುತ್ತೇನೆ, ಉಜ್ಜಯಿನಿ ಮತ್ತು ತಕ್ಷಶಿಲೆಯಿಂದ ಮೂರು ವರ್ಷ ಮೀರದಂತೆ ಕಳುಹಿಸಬೇಕು ಎಂದೂ ಬರೆಸಿದ್ದಾನೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕ ಕಲ್ಲಿನಲ್ಲೂ ಈ ಪ್ರತ್ಯೇಕ ಶಾಸನಗಳ ಪಾಠವಿದೆ.

ಈಗ ಭೂಪಟವನ್ನು ಕೊನೆಯ ದಿನ ತೋರಿಸುತ್ತೇನೆ. ಮೊದಲ ದಿನ ಈ ಎರಡು ಶಾಸನಗಳ ಅನುವಾದವನ್ನು ಹಂಚಿ, ಆಜ್ಞೆ ಯಾರಿಂದ ಯಾರಿಗೆ ಹೋಯಿತೆಂದು ಬಾಣದ ಗುರುತು ಹಾಕಿಸುತ್ತೇನೆ. ಕಳೆದ ಬಾರಿ ಹುಡುಗನೊಬ್ಬ ತೋಸಲಿಯ ಹತ್ತಿರ ಪೆನ್ನು ನಿಲ್ಲಿಸಿ ಕೇಳಿದ: "ತಪಾಸಣೆ ಮುಗಿದ ಮರುದಿನವೇ ಒಬ್ಬನನ್ನು ಸುಮ್ಮನೆ ಸೆರೆಗೆ ಹಾಕಿದರೆ, ಅವನು ಐದು ವರ್ಷ ಕಾಯಬೇಕಿತ್ತೇ ಸರ್?" ಆ ದಿನದ ಅವಧಿಯೆಲ್ಲ ಆ ಒಂದು ಪ್ರಶ್ನೆಗೇ ಮೀಸಲಾಯಿತು.