ಎಷ್ಟು ವಾಟ್?

ನನ್ನ ಕೋಣೆಯಲ್ಲಿರುವ ಎರಡು ಮರದ ಪೆಟ್ಟಿಗೆಗಳನ್ನು ನೋಡಿ, ಅವುಗಳನ್ನೂ ಅವುಗಳನ್ನು ನಡೆಸುವ ಆಂಪ್ಲಿಫೈಯರನ್ನೂ ನಾನೇ ಕಟ್ಟಿದ್ದೆಂದು ತಿಳಿದ ಮೇಲೆ, ಬಂದವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ವಾಟ್?’ ಎಂಬುದು. ಎರಡನೆಯ ಪ್ರಶ್ನೆ ಸಾಮಾನ್ಯವಾಗಿ ಇರುವುದಿಲ್ಲ. ನಾನು ಹೇಳುವ ಸಂಖ್ಯೆ ದೊಡ್ಡದಾಗಿದ್ದರೆ ಹುಬ್ಬೇರಿಸುತ್ತಾರೆ, ಚಿಕ್ಕದಾಗಿದ್ದರೆ ಕನಿಕರ ತೋರಿಸುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಮೊದಮೊದಲು ಈ ಪ್ರಶ್ನೆಗೆ ಕಾಗದ ಪೆನ್ನು ತೆಗೆದುಕೊಂಡು, ಚಿತ್ರ ಬರೆದು, ವಿನಯದಿಂದ ಉತ್ತರಿಸುತ್ತಿದ್ದೆ. ಕೇಳಿದವರು ನಡುವೆಯೇ ಫೋನು ನೋಡುತ್ತಿದ್ದುದರಿಂದ ಆ ವಿನಯ ಹೆಚ್ಚು ಕಾಲ ಉಳಿಯಲಿಲ್ಲ. ಆದ್ದರಿಂದ ಒಮ್ಮೆ ಬರೆದಿಟ್ಟುಬಿಡುತ್ತೇನೆ; ಇನ್ನು ಮುಂದೆ ಕೇಳಿದವರು ಇದನ್ನು ಓದಿಕೊಳ್ಳಲಿ.

ಮೊದಲನೆಯದಾಗಿ, ಪೆಟ್ಟಿಗೆಗೆ ವಾಟ್ ಇಲ್ಲ. ಸ್ಪೀಕರನ್ನು ತೋರಿಸಿ ಎಷ್ಟು ವಾಟ್ ಎಂದು ಕೇಳುವುದು ಬಾವಿಯನ್ನು ತೋರಿಸಿ ಎಷ್ಟು ಹಾರ್ಸ್‌ಪವರ್ ಎಂದು ಕೇಳಿದಂತೆ. ಶಕ್ತಿಯನ್ನು ಕೊಡುವುದು ಆಂಪ್ಲಿಫೈಯರು. ಸ್ಪೀಕರಿನ ಬೆನ್ನಿಗೆ ಅಚ್ಚಾಗಿರುವ ಸಂಖ್ಯೆ ಅದರೊಳಗಿನ ತಾಮ್ರದ ಕಾಯಿಲ್ ಸುಡುವ ಮೊದಲು ಎಷ್ಟು ಶಾಖವನ್ನು ತಡೆದುಕೊಳ್ಳಬಲ್ಲದು ಎಂಬುದನ್ನು ಮುಖ್ಯವಾಗಿ ಹೇಳುತ್ತದೆ. ಶಾಖ ಎಂದು ಬೇಕೆಂದೇ ಬರೆದಿದ್ದೇನೆ. ನನ್ನ ಸ್ಪೀಕರುಗಳಿಗೆ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 87 ಡೆಸಿಬಲ್‌ನಷ್ಟು ಸದ್ದು ಕೇಳಿಸುತ್ತದೆ. ಮನೆಯ ಸ್ಪೀಕರುಗಳ ಮಟ್ಟಿಗೆ ಇದು ತೀರ ಸಾಧಾರಣವಾದ ಅಂಕಿ. ಇದನ್ನು ಲೆಕ್ಕ ಹಾಕಿ ನೋಡಿದರೆ, ಕೊಟ್ಟ ವಿದ್ಯುತ್ತಿನಲ್ಲಿ ಶೇಕಡಾ 0.3ರಷ್ಟು ಮಾತ್ರ ಸದ್ದಾಗುತ್ತದೆ, ಉಳಿದ 99.7ರಷ್ಟು ಬಿಸಿಯಾಗಿ ಹೋಗುತ್ತದೆ ಎಂದು ತಿಳಿಯುತ್ತದೆ. ನ್ಯಾಯವಾಗಿ ಹೇಳಬೇಕಾದರೆ, ನಾನು ತಿಂಗಳುಗಟ್ಟಲೆ ಮರ ಕೊಯ್ದು, ಉಜ್ಜಿ, ಅಂಟು ಹಾಕಿ ಕಟ್ಟಿರುವುದು ಅಲ್ಪಸ್ವಲ್ಪ ಹಾಡಲೂ ಬಲ್ಲ ಎರಡು ಹೀಟರುಗಳನ್ನು.

‘ಹಾಗಾದರೆ ಆಂಪ್ಲಿಫೈಯರು ಎಷ್ಟು ವಾಟ್?’ ಎಂದು ಪಟ್ಟು ಬಿಡದವರು ಕೇಳುತ್ತಾರೆ. ಒಮ್ಮೆ ಹೀಗೆ ಕೇಳಿದ ಸ್ನೇಹಿತರೊಬ್ಬರಿಗೆ, ಹಾಡು ನಡೆಯುತ್ತಿರುವಾಗಲೇ, ‘ಸದ್ಯಕ್ಕೆ ಕಾಲು ವಾಟ್’ ಎಂದೆ. ತಮಾಷೆ ಎಂದುಕೊಂಡು ನಕ್ಕರು. ನನಗೆ ಹಟ ಬಂತು. ಮುಳ್ಳಿನ ಹಳೆಯ ಮಲ್ಟಿಮೀಟರನ್ನು ತಂದು ಸ್ಪೀಕರಿನ ಟರ್ಮಿನಲ್‌ಗಳಿಗೆ ಹಿಡಿದೆ. ಮಾತನಾಡಬೇಕಾದರೆ ದನಿಯನ್ನು ಎತ್ತರಿಸಬೇಕಾದಷ್ಟು ಜೋರಾಗಿ ಹಾಡು ಕೇಳಿಸುತ್ತಿತ್ತು, ಮುಳ್ಳು ಮಾತ್ರ ಒಂದೂವರೆ ವೋಲ್ಟಿನ ಆಚೀಚೆ ತೂಗಾಡುತ್ತಿತ್ತು. ಒಂದೂವರೆಯನ್ನು ಒಂದೂವರೆಯಿಂದ ಗುಣಿಸಿ, ಸ್ಪೀಕರಿನ 8 ಓಮ್‌ನಿಂದ ಭಾಗಿಸಿದರೆ 0.28 ವಾಟ್ ಆಗುತ್ತದೆ. ಅಗ್ಗದ ಮೀಟರು ಸಂಗೀತವನ್ನು ಸರಿಯಾಗಿ ಅಳೆಯಲಾರದು ಎಂಬುದನ್ನೂ, ತಬಲಾದ ಒಂದು ಪೆಟ್ಟು ಬಿದ್ದ ಕ್ಷಣದಲ್ಲಿ ಸರಾಸರಿಯ ಹತ್ತಾರು ಪಟ್ಟು ಶಕ್ತಿ ಬೇಕಾಗಬಹುದು ಎಂಬುದನ್ನೂ ಪ್ರಾಮಾಣಿಕತೆಗಾಗಿ ಸೇರಿಸಬೇಕು. ಆ ಹತ್ತಾರು ಪಟ್ಟನ್ನು ಸೇರಿಸಿದರೂ ಲೆಕ್ಕ ಐದಾರು ವಾಟ್ ದಾಟುವುದಿಲ್ಲ. ಸ್ನೇಹಿತರು ಮೀಟರನ್ನು ನೋಡಿದರು, ನನ್ನನ್ನು ನೋಡಿದರು, ‘ಅಲ್ಲ, ಪೂರ್ತಿ ಹಾಕಿದರೆ ಎಷ್ಟು?’ ಎಂದು ಕೇಳಿದರು.

ಪೂರ್ತಿ ಹಾಕಿದರೆ ಎಂಬ ಈ ಮಾತಿನ ಮೇಲೆಯೇ ಒಂದು ವ್ಯಾಪಾರ ನಿಂತಿದೆ. ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆಯ ಮೇಲೆ ಸಾವಿರಾರು ವಾಟ್ ಪಿಎಂಪಿಓ (ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್) ಎಂದು ಮುದ್ರಿಸುತ್ತಾರಲ್ಲ, ಆ ಪಿಎಂಪಿಓಗೆ ಎಲ್ಲರೂ ಒಪ್ಪಿದ ವ್ಯಾಖ್ಯೆಯೇ ಇಲ್ಲ; ಬರೆದವರ ಧೈರ್ಯವೇ ಅದರ ಅಳತೆ. ಅಂಥ ಪೆಟ್ಟಿಗೆ ಎದುರಾದರೆ ಅದರ ಅಡಾಪ್ಟರನ್ನು ತಿರುಗಿಸಿ ನೋಡಿ. 12 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಒಳಗೆ ಹೋಗುವುದೇ 24 ವಾಟ್. ಒಳಗೆ ಹೋಗದ್ದು ಹೊರಗೆ ಬರಲು ಅದೇನು ಅಕ್ಷಯ ಪಾತ್ರೆಯಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿಯೇ ಮನೆಯ ಆಂಪ್ಲಿಫೈಯರುಗಳ ವಾಟ್‌ಗಳನ್ನು ಹೇಗೆ ಅಳೆದು ಜಾಹೀರಾತಿನಲ್ಲಿ ಹೇಳಬೇಕೆಂದು ನಿಯಮ ಮಾಡಬೇಕಾಯಿತೆಂದರೆ, ಈ ಕಾಯಿಲೆ ಎಷ್ಟು ಹಳೆಯದೆಂದು ಊಹಿಸಬಹುದು.

ಇಷ್ಟೆಲ್ಲ ಗೊತ್ತಿದ್ದೂ ಒಂದು ಸಾಧಾರಣ ಪ್ರಶ್ನೆಗೆ ಇಷ್ಟು ಸಿಟ್ಟೇಕೆ ಎಂದು ನೀವು ಕೇಳಬಹುದು. ಕಾರಣವಿದೆ, ಅದನ್ನು ಹೇಳಿಕೊಳ್ಳಲು ನನಗೆ ಇಷ್ಟವಿಲ್ಲದಿದ್ದರೂ ಹೇಳುತ್ತೇನೆ.

ನಾನು ಮೊದಲ ಜೋಡಿ ಪೆಟ್ಟಿಗೆಗಳನ್ನು ಮುಗಿಸಿದಾಗ ಅವುಗಳನ್ನು ಎಲ್‌ಎಂ 1875 ಎಂಬ ಒಂದು ಪುಟ್ಟ ಚಿಪ್‌ನಿಂದ ಮಾಡಿದ ಆಂಪ್ಲಿಫೈಯರಿಗೆ ಜೋಡಿಸಿದ್ದೆ. ಅದು ಒಂದು ಚಾನೆಲ್ಲಿಗೆ ಸುಮಾರು 20 ವಾಟ್ ಕೊಡುತ್ತದೆ. ಕೇಳಲು ಕರೆದವರಲ್ಲಿ ನಮ್ಮ ಬಂಧುವೊಬ್ಬರಿದ್ದರು. ಅವರು ಎರಡು ಹಾಡು ಮುಗಿಯುವವರೆಗೆ ಸುಮ್ಮನಿದ್ದು, ‘ಬೇಸೇ ಇಲ್ಲವಲ್ಲಪ್ಪಾ. ಎಷ್ಟು ವಾಟ್ ಇದು?’ ಎಂದರು. 20 ಎಂದೆ. ‘ಅದಕ್ಕೇ ಮತ್ತೆ’ ಎಂದರು. ಆ ‘ಅದಕ್ಕೇ ಮತ್ತೆ’ಯನ್ನು ನಾನು ವೇದವಾಕ್ಯದಂತೆ ನಂಬಿದೆ. ಮರುದಿನವೇ ಎಲ್‌ಎಂ 3886 ಎಂಬ ದೊಡ್ಡ ಚಿಪ್‌ಗೆ, ಅದಕ್ಕೆ ತಕ್ಕ ಟ್ರಾನ್ಸ್‌ಫಾರ್ಮರಿಗೆ, ಅಂಗೈಯಗಲದ ಹೀಟ್‌ಸಿಂಕಿಗೆ ಹುಡುಕಾಟ ಶುರುವಾಯಿತು. ಬೋರ್ಡಿನ ಮೇಲೆ ಬಿಡಿಭಾಗಗಳನ್ನು ಕೂರಿಸಿ ಸೋಲ್ಡರ್ ಮಾಡುವುದರಲ್ಲಿ, ಲೋಹದ ಡಬ್ಬಿಗೆ ತೂತು ಕೊರೆಯುವುದರಲ್ಲಿ, ಅದೆಲ್ಲ ಮುಗಿದ ಮೇಲೆ ಎದುರಾದ ಗುಂಯ್ ಎಂಬ ಸದ್ದಿನ ಮೂಲವನ್ನು ಪತ್ತೆಹಚ್ಚುವುದರಲ್ಲಿ ಮೂರು ತಿಂಗಳು ಕಳೆದವು. (ಆ ಸದ್ದನ್ನು ನಿಲ್ಲಿಸಲು ಪ್ಲಗ್ಗಿನ ಅರ್ತ್ ತಂತಿಯನ್ನು ಕತ್ತರಿಸಿಬಿಡು ಎಂದು ಸಲಹೆ ಕೊಟ್ಟವರೂ ಇದ್ದರು. ಅದು ಸದ್ದಿನ ಜೊತೆಗೆ ಕೇಳುವವನನ್ನೂ ನಿಲ್ಲಿಸಿಬಿಡಬಲ್ಲ ಸಲಹೆ. ನನ್ನ ತಪ್ಪು ಇದ್ದದ್ದು ಒಳಗಿನ ಗ್ರೌಂಡ್ ತಂತಿಗಳನ್ನು ಒಂದೇ ಬಿಂದುವಿಗೆ ತರದೆ ಸಿಕ್ಕಸಿಕ್ಕಲ್ಲಿ ಜೋಡಿಸಿದ್ದರಲ್ಲಿ.)

ಕೊನೆಗೂ ಹೊಸ ಆಂಪ್ಲಿಫೈಯರು ತಯಾರಾಯಿತು: 8 ಓಮ್ ಸ್ಪೀಕರಿಗೆ 38 ವಾಟ್, ಅಂದರೆ ಹಳೆಯದರ ಸುಮಾರು ಎರಡು ಪಟ್ಟು. ಹಾಡು ಹಾಕಿದೆ. ಬೇಸ್ ಇರಲಿಲ್ಲ.

ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಸದ್ದು ಏರುವುದು ಕೇವಲ 3 ಡೆಸಿಬಲ್, ಗಮನವಿಟ್ಟು ಕೇಳಿದರೆ ಗೊತ್ತಾಗುವಷ್ಟು. ನಮ್ಮ ಕಿವಿಗೆ ಎರಡು ಪಟ್ಟು ಜೋರು ಎನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ವಾಟ್ ಬೇಕು. ಇದನ್ನು ನಾನು ಮೂರು ತಿಂಗಳ ಹಿಂದೆಯೇ ಪುಸ್ತಕದಲ್ಲಿ ಓದಿ, ಕೆಳಗೆ ಗೆರೆಯನ್ನೂ ಎಳೆದಿದ್ದೆ. ಗೆರೆ ಎಳೆದದ್ದನ್ನೆಲ್ಲ ಮನುಷ್ಯ ನಂಬುತ್ತಾನೆ ಎಂದೇನಿಲ್ಲವಲ್ಲ.

ನಿಜವಾದ ಕಾರಣ ಸಿಕ್ಕಿದ್ದು ಇನ್ನೂ ಕೆಲವು ವಾರಗಳ ನಂತರ, ಒಂದೂವರೆ ವೋಲ್ಟಿನ ಸಾಮಾನ್ಯ ಪೆನ್ಸಿಲ್ ಸೆಲ್ಲಿನಿಂದ. ಸೆಲ್ಲಿನ ಧನ ತುದಿಯನ್ನು ಸ್ಪೀಕರಿನ ಕೆಂಪು ಟರ್ಮಿನಲ್ಲಿಗೂ ಋಣ ತುದಿಯನ್ನು ಕಪ್ಪಿಗೂ ಒಂದು ಕ್ಷಣ ತಾಗಿಸಿದರೆ ವೂಫರಿನ, ಅಂದರೆ ಪೆಟ್ಟಿಗೆಯೊಳಗೆ ಕೆಳಸ್ವರಗಳನ್ನು ನುಡಿಸುವ ಸ್ಪೀಕರಿನ, ಕೋನ್ ಮುಂದಕ್ಕೆ ಬರಬೇಕು. ಎಡಗಡೆಯದು ಮುಂದಕ್ಕೆ ಬಂತು. ಬಲಗಡೆಯದು ಹಿಂದಕ್ಕೆ ಹೋಯಿತು. ಪೆಟ್ಟಿಗೆಯೊಳಗೆ ವೂಫರಿಗೆ ತಂತಿ ಬೆಸೆಯುವಾಗ ಕೆಂಪು ತಂತಿ ಮುಗಿದುಹೋಗಿದ್ದರಿಂದ ಎರಡಕ್ಕೂ ಕಪ್ಪನ್ನೇ ಬಳಸಿದ್ದೆ, ನೆನಪಿರುತ್ತದೆ ಬಿಡು ಎಂದುಕೊಂಡು. ನೆನಪಿರಲಿಲ್ಲ. ಒಂದು ಕೋನ್ ಗಾಳಿಯನ್ನು ಮುಂದಕ್ಕೆ ನೂಕುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿತ್ತು. 50 ಹರ್ಟ್ಸ್ ಸದ್ದಿನ ಅಲೆ ಸುಮಾರು 7 ಮೀಟರ್ ಉದ್ದದ್ದು. ಅದರ ಮುಂದೆ ನನ್ನ ಪೆಟ್ಟಿಗೆಗಳ ನಡುವಿನ 2 ಮೀಟರ್ ಅಂತರ ಲೆಕ್ಕಕ್ಕಿಲ್ಲವಾದ್ದರಿಂದ ಎರಡು ಅಲೆಗಳೂ ಕೋಣೆಯಲ್ಲಿ ಒಂದನ್ನೊಂದು ಅಳಿಸಿಹಾಕುತ್ತಿದ್ದವು. 20 ವಾಟ್ ಕೊಟ್ಟಾಗಲೂ ಅಳಿಸುತ್ತಿದ್ದವು, 38 ವಾಟ್ ಕೊಟ್ಟ ಮೇಲೆ ಇನ್ನಷ್ಟು ಹುರುಪಿನಿಂದ ಅಳಿಸುತ್ತಿದ್ದವು. ವೂಫರಿನ ಸ್ಕ್ರೂ ಬಿಚ್ಚಿ, ಎರಡು ತಂತಿಗಳನ್ನು ಅದಲುಬದಲು ಮಾಡಿ, ಮತ್ತೆ ಸ್ಕ್ರೂ ಹಾಕಲು ಹತ್ತು ನಿಮಿಷ ಸಾಕಾಯಿತು. ಬೇಸ್ ಬಂತು. ಆಮೇಲೆ ಹಳೆಯ 20 ವಾಟಿನ ಆಂಪ್ಲಿಫೈಯರನ್ನೇ ಜೋಡಿಸಿ ನೋಡಿದೆ, ಆಗಲೂ ಬಂತು. ಈಗ ನೀವು ನೋಡುತ್ತಿರುವುದು ಅದನ್ನೇ. ದೊಡ್ಡದು ಕಪಾಟಿನ ಮೇಲಿದೆ. ಆ ಬಂಧುವಿಗೆ ಇದನ್ನು ನಾನು ಇವತ್ತಿಗೂ ಹೇಳಿಲ್ಲ. ಮುಂದಿನ ಸಲ ಬಂದಾಗ ಅವರು ಕೇಳಿ ಮೆಚ್ಚಿಕೊಂಡು, ‘ನೋಡಿದೆಯಾ, ವಾಟ್ ಜಾಸ್ತಿ ಮಾಡಿದ್ದಕ್ಕೆ ಎಷ್ಟು ವ್ಯತ್ಯಾಸ’ ಎಂದರು; ನಾನು ಹೌದೆಂದೆ.

ಆದ್ದರಿಂದ ಈ ಪ್ರಶ್ನೆಯ ಬಗ್ಗೆ ನನಗಿರುವ ಸಿಟ್ಟಿನಲ್ಲಿ ಅರ್ಧದಷ್ಟಾದರೂ ನನ್ನ ಮೇಲಿನದೇ ಎಂದು ಒಪ್ಪಿಕೊಳ್ಳುತ್ತೇನೆ. ಉಳಿದರ್ಧ ಮಾತ್ರ ನಿಮ್ಮ ಪಾಲಿನದು. ಏಕೆಂದರೆ ಕೇಳಬಹುದಾದ ಪ್ರಶ್ನೆಯೊಂದು ಅದೇ ಕೋಣೆಯಲ್ಲಿ, ನಿಮ್ಮ ಕಣ್ಣೆದುರಿಗೇ ಇದೆ. ಪೆಟ್ಟಿಗೆಗಳನ್ನು ಗೋಡೆಗೆ ಒರಗಿಸದೆ, ಓಡಾಡುವವರ ಕಾಲಿಗೆ ಸಿಗುವಂತೆ, ನೋಡಲು ವಿಚಿತ್ರವಾಗಿ ಮುಂದಕ್ಕೆ ತಂದು ಇಟ್ಟಿದ್ದೇನೆ. ಅದನ್ನು ಸುತ್ತುಹಾಕಿಕೊಂಡು ಬಂದು, ಕುರ್ಚಿಯ ಮೇಲೆ ಕುಳಿತು, ಎಷ್ಟು ವಾಟ್ ಎಂದು ಕೇಳುತ್ತೀರಿ. ಇದನ್ನೇಕೆ ಇಲ್ಲಿಟ್ಟಿದ್ದೀಯ ಎಂದು ಒಬ್ಬರಾದರೂ ಕೇಳಬಾರದೇ?

ಕೇಳಿದ್ದರೆ ಹೀಗೆ ಹೇಳುತ್ತಿದ್ದೆ. ಕೆಳಸ್ವರಗಳು ಸ್ಪೀಕರಿನಿಂದ ಮುಂದಕ್ಕಷ್ಟೇ ಹೋಗುವುದಿಲ್ಲ, ಎಲ್ಲ ದಿಕ್ಕಿಗೂ ಹರಡುತ್ತವೆ. ಹಿಂದಿನ ಗೋಡೆಗೆ ಹೋದ ಅಲೆ ಬಡಿದು ತಿರುಗಿ ಬಂದು, ನೇರವಾಗಿ ಹೊರಟ ಅಲೆಯನ್ನು ಕೂಡಿಕೊಳ್ಳುತ್ತದೆ. ಗೋಡೆಗಿರುವ ದೂರವು ಅಲೆಯ ಉದ್ದದ ಕಾಲುಭಾಗವಾದಾಗ, ಹೋಗಿ ಬರುವಷ್ಟರಲ್ಲಿ ಅದು ಅರ್ಧ ಅಲೆಯಷ್ಟು ಹಿಂದುಳಿದು, ನೇರ ಅಲೆಗೆ ತದ್ವಿರುದ್ಧವಾಗಿ ನಿಲ್ಲುತ್ತದೆ. ನನ್ನ ವೂಫರು ಮೊದಲು ಗೋಡೆಯಿಂದ 86 ಸೆಂಟಿಮೀಟರ್ ದೂರದಲ್ಲಿತ್ತು. ಲೆಕ್ಕ ಹಾಕಿದರೆ ಸರಿಯಾಗಿ 100 ಹರ್ಟ್ಸ್ ಹತ್ತಿರ ಸದ್ದು ಅಳಿಸಿಹೋಗಬೇಕು. ಅಳತೆಯ ಮೈಕನ್ನು ಕುರ್ಚಿಯ ಮೇಲೆ ನಿಲ್ಲಿಸಿ ಕಂಪ್ಯೂಟರಿನಲ್ಲಿ ಗೆರೆ ಎಳೆಸಿದಾಗ ಅಲ್ಲಿಯೇ ಆಳವಾದ ಹಳ್ಳವೊಂದು ಬಿದ್ದಿತ್ತು. ಗಂಡು ದನಿಯ ಬುಡವಿರುವುದೂ ಆಸುಪಾಸಿನಲ್ಲಿಯೇ, ಹಾಗಾಗಿ ಹಾಡುವವರೆಲ್ಲ ನೆಗಡಿಯಿಂದ ಎದ್ದು ಬಂದವರಂತೆ ಕೇಳಿಸುತ್ತಿದ್ದರು. ನನ್ನ ತಲೆಕೆಳಗಾದ ತಂತಿ ಮಾಡಿದ್ದ ಕೆಲಸವನ್ನೇ ಇಲ್ಲಿ ಗೋಡೆ ಮಾಡುತ್ತಿತ್ತು ಎಂಬುದನ್ನು ಗಮನಿಸಿ. ವಾಟ್ ಏರಿಸಿದರೆ ನೇರ ಅಲೆಯ ಜೊತೆಗೆ ಅದನ್ನು ಅಳಿಸುವ ಅಲೆಯೂ ಅಷ್ಟೇ ಏರುತ್ತದೆ, ಹಳ್ಳ ಹಾಗೆಯೇ ಇರುತ್ತದೆ. ಪೆಟ್ಟಿಗೆಯನ್ನು ಒಂದೊಂದೇ ಗೇಣು ಸರಿಸಿ, ಪ್ರತಿ ಸಲವೂ ಅಳೆದು, ಪಕ್ಕದ ಗೋಡೆಯ ಲೆಕ್ಕವನ್ನೂ ಸೇರಿಸಿಕೊಂಡು, ಹಳ್ಳಗಳು ಒಂದರ ಮೇಲೊಂದು ಬೀಳದ ಜಾಗವನ್ನು ಹುಡುಕಲು ಎರಡು ಭಾನುವಾರಗಳು ಬೇಕಾದವು. ಸಿಕ್ಕ ಜಾಗ ದುರದೃಷ್ಟವಶಾತ್ ನಡೆದಾಡುವ ದಾರಿಯಲ್ಲಿತ್ತು.

ಕುಳಿತುಕೊಳ್ಳುವ ಜಾಗದ ಕಥೆಯೂ ಇಂಥದ್ದೇ. ನನ್ನ ಕೋಣೆಯ ಉದ್ದ 4.3 ಮೀಟರ್. ಎರಡು ಗೋಡೆಗಳ ನಡುವೆ ಸುಮಾರು 40 ಹರ್ಟ್ಸ್ ಸದ್ದಿನ ಅರ್ಧ ಅಲೆ ಅಳತೆ ಮಾಡಿಸಿದಂತೆ ಕೂರುತ್ತದೆ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ನುಡಿಯುವುದು 41 ಹರ್ಟ್ಸ್‌ನಲ್ಲಿ. ಆ ಸ್ವರ ಬಂದಾಗ ಗೋಡೆಯ ಬಳಿ ಕುಳಿತವರಿಗೆ ಗುಡುಗಿದಂತಾಗುತ್ತದೆ, ಕೋಣೆಯ ನಟ್ಟನಡುವೆ ಕುಳಿತವರಿಗೆ ಅದು ಬಂದದ್ದೇ ತಿಳಿಯುವುದಿಲ್ಲ. ಒಂದೇ ಸಂಜೆ, ಒಂದೇ ಹಾಡಿಗೆ, ಗೋಡೆಗೆ ಒರಗಿದ್ದವರೊಬ್ಬರು ಬೇಸ್ ವಿಪರೀತವಾಯಿತೆಂದೂ ನಡುವೆ ಕುಳಿತವರೊಬ್ಬರು ಬೇಸ್ ಸಾಲದೆಂದೂ ನನಗೆ ತೀರ್ಪು ಕೊಟ್ಟದ್ದುಂಟು. ಇಬ್ಬರೂ ಸರಿಯಾಗಿಯೇ ಹೇಳಿದ್ದರು. ಜಾಗ ಬದಲಿಸಿಕೊಂಡು ಕೂತು ನೋಡಿ ಎಂದರೆ ಇಬ್ಬರೂ ಏಳಲಿಲ್ಲ. ಎಷ್ಟು ವಾಟ್ ಎಂದು ಮಾತ್ರ ಇಬ್ಬರೂ ಕೇಳಿದರು.

ಪೆಟ್ಟಿಗೆಗಳು ನಿಲ್ಲಬೇಕಾದ ಜಾಗ ತಪ್ಪಬಾರದೆಂದು ನೆಲದ ಮೇಲೆ ಅವುಗಳ ನಾಲ್ಕು ಮೂಲೆಗಳಿಗೂ ನೀಲಿ ಟೇಪ್ ಅಂಟಿಸಿದ್ದೇನೆ. ಕಸ ಗುಡಿಸುವಾಗ ಯಾರಾದರೂ ಗೋಡೆಗೆ ತಳ್ಳಿದರೆ ಮತ್ತೆ ಅಲ್ಲಿಗೇ ತಂದು ನಿಲ್ಲಿಸುತ್ತೇನೆ. ಆ ಟೇಪಿನ ಬಗ್ಗೆ ಇಷ್ಟು ವರ್ಷಗಳಲ್ಲಿ ಒಂದೇ ಒಂದು ಪ್ರಶ್ನೆ ಬಂದಿದೆ, ಅದೂ ಮನೆಯವರಿಂದಲೇ: ‘ಇದನ್ನು ಇನ್ನು ಕಿತ್ತು ಹಾಕಬಹುದಾ?’