ಬ್ಯಾಂಕ್ ಇರುವಾಗ ಬಡ್ಡಿಯವನ ಹತ್ತಿರ ಯಾಕೆ ಹೋಗ್ತಾರೆ?

ನಮ್ಮಮ್ಮ ಬೆಂಗಳೂರಿನಲ್ಲಿ ರಸ್ತೆ ಬದಿ ಸೊಪ್ಪು ಮಾರುತ್ತಾರೆ ಅಂತ ಗೊತ್ತಾದ ಕೂಡಲೇ ಜನ ಒಂದು ಪ್ರಶ್ನೆ ಕೇಳುತ್ತಾರೆ. ಆಫೀಸಿನವರೂ ಕೇಳುತ್ತಾರೆ, ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳೆಯರೂ ಕೇಳುತ್ತಾರೆ. "ಸರ್ಕಾರ ಬೀದಿ ವ್ಯಾಪಾರಿಗಳಿಗೆ ಅಂತಲೇ ಸಾಲ ಕೊಡುತ್ತೆ. ಆದ್ರೂ ಇವರು ಬೆಳಿಗ್ಗೆ 900 ತಗೊಂಡು ಸಂಜೆ 1000 ಕಟ್ಟೋ ಬಡ್ಡಿಗೆ ಯಾಕೆ ಬೀಳ್ತಾರೆ? ಲೆಕ್ಕ ಬರಲ್ವಾ?"

ಲೆಕ್ಕ ಬರುತ್ತೆ. ನಮ್ಮಮ್ಮ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು. ಆದರೆ ಬಾಯಿಲೆಕ್ಕದಲ್ಲಿ ನನ್ನನ್ನು ಸೋಲಿಸುತ್ತಾರೆ. ಮೊದಲು ಕೇಳುವವರ ಲೆಕ್ಕವನ್ನೇ ಹಾಕೋಣ. ದಿನಕ್ಕೆ 100 ರೂಪಾಯಿ ಬಡ್ಡಿ ಅಂದರೆ ತಿಂಗಳಲ್ಲಿ ವ್ಯಾಪಾರ ಇರುವ 26 ದಿನಕ್ಕೆ 2600. ಬೀದಿ ವ್ಯಾಪಾರಿಗಳಿಗೆ ಅಂತ ಇರುವ ಕೇಂದ್ರ ಸರ್ಕಾರದ ಪಿಎಂ ಸ್ವನಿಧಿ ಯೋಜನೆಯಲ್ಲಿ 10,000 ಸಾಲ ತೆಗೆದು ವರ್ಷಕ್ಕೆ ತೀರಿಸಿದರೆ ಕಂತು ತಿಂಗಳಿಗೆ 900ರ ಆಸುಪಾಸು, ಅದೂ ಅಸಲು ಸೇರಿ. ಸರಿಯಾಗಿ ಕಟ್ಟಿದವರಿಗೆ ವರ್ಷಕ್ಕೆ 7 ಪರ್ಸೆಂಟ್ ಲೆಕ್ಕದಲ್ಲಿ ಬಡ್ಡಿ ವಾಪಸ್ ಬೇರೆ. ಇದರಲ್ಲಿ ವಾದ ಮಾಡುವುದಕ್ಕೆ ಏನೂ ಇಲ್ಲ. ಕೇಳುವವರು ಹೇಳುವುದು ಸರಿಯೇ.

ಈಗ ಅಮ್ಮನ ಲೆಕ್ಕ, ದಿನಾ ಬಡ್ಡಿಗೆ ದುಡ್ಡು ತರುತ್ತಿದ್ದ ಕಾಲದ್ದು. ಬೆಳಗಿನ ಜಾವ ನಾಲ್ಕಕ್ಕೆ ಕೆ.ಆರ್. ಮಾರ್ಕೆಟ್. ದಂಟು, ಮೆಂತ್ಯ, ಸಬ್ಬಸಿಗೆ, ಪಾಲಕ್, ಕೊತ್ತಂಬರಿ, ಕರಿಬೇವು ಎಲ್ಲಾ ಸೇರಿ 900ಕ್ಕೆ. ನಾಲ್ಕು ಜನ ಸೇರಿ ಮಾಡುವ ಲಗೇಜ್ ಆಟೋದಲ್ಲಿ ಅವರ ಪಾಲು 100. ಆರಕ್ಕೆಲ್ಲ ಜಾಗಕ್ಕೆ ಬಂದು ಕೂತು ದೊಡ್ಡ ಕಂತೆಗಳನ್ನು ಬಿಚ್ಚುತ್ತಾರೆ. ಹಳದಿ ಎಲೆ ಕಿತ್ತು, ಒಂದು ಕಂತೆಗೆ ಮೂರೋ ನಾಲ್ಕೋ ಕಟ್ಟು ಮಾಡಿ, ಬಾಳೆನಾರು ಸುತ್ತಿ, ಬೇರು ಒಳಗೆ ಎಲೆ ಹೊರಗೆ ಬರುವ ಹಾಗೆ ಒದ್ದೆ ಗೋಣಿಚೀಲದ ಮೇಲೆ ಜೋಡಿಸುತ್ತಾರೆ. ಕಟ್ಟು ಎಷ್ಟು ದಪ್ಪ ಇರಬೇಕು ಅನ್ನುವುದರಲ್ಲೇ ಆ ದಿನದ ಲಾಭ ಇದೆ. ತೀರಾ ಸಣ್ಣ ಮಾಡಿದರೆ ಗಿರಾಕಿ ಕೈಯಲ್ಲಿ ಹಿಡಿದು ನೋಡಿ ಕೆಳಗಿಡುತ್ತಾರೆ. ದಪ್ಪ ಮಾಡಿದರೆ ಆಟೋದ ದುಡ್ಡೂ ಹುಟ್ಟಲ್ಲ.

ಬೆಳಿಗ್ಗೆ 20 ಇದ್ದ ಮೆಂತ್ಯ ಮಧ್ಯಾಹ್ನ 15, ಸಂಜೆ 10. ಕತ್ತಲಾದ ಮೇಲೆ ಉಳಿದದ್ದು ಹಸುವಿಗೆ. ಎಲ್ಲಾ ಹೋದ ದಿನ 1500, 1600 ಆಗುತ್ತೆ. ಬಂಡವಾಳ, ಆಟೋ, ಬಡ್ಡಿ, ಟೀ ತಿಂಡಿ ಕಳೆದರೆ ಕೈಯಲ್ಲಿ 350, 400. ಮಳೆ ಬಂದರೆ ಅದೂ ಇಲ್ಲ. ಕರಿಬೇವು, ನಾಲ್ಕೆಳೆ ಕೊತ್ತಂಬರಿ ಕೊಸರು ಹಾಕಲೇಬೇಕು, ಅದಕ್ಕೆ ಯಾರೂ ದುಡ್ಡು ಕೊಡಲ್ಲ. (ಮಾಲ್‌ನಲ್ಲಿ ಕೊಸರು ಕೇಳಿದವರನ್ನು ನಾನಂತೂ ನೋಡಿಲ್ಲ.)

ಈ ವ್ಯಾಪಾರಕ್ಕೆ ಬೇಕಾಗುವುದು ವರ್ಷಕ್ಕೊಮ್ಮೆ 10,000 ಅಲ್ಲ. ದಿನಾ ಬೆಳಿಗ್ಗೆ ನಾಲ್ಕಕ್ಕೆ 900. ಆ ಹೊತ್ತಿಗೆ ಯಾವ ಬ್ಯಾಂಕೂ ಬಾಗಿಲು ತೆಗೆದಿರಲ್ಲ. ಹತ್ತು ಸಾವಿರ ಒಟ್ಟಿಗೆ ಬಂದರೆ ಅದನ್ನೇ ಬಂಡವಾಳ ಮಾಡಿಕೊಂಡು ತಿರುಗಿಸಬಹುದಲ್ಲ ಅಂತೀರಿ. ತಿರುಗಿಸಬಹುದು, ಮನೆ ಅನ್ನುವುದು ಇಲ್ಲದಿದ್ದರೆ. ದುಡ್ಡು ಬಂದ ವಾರವೇ ಮಗಳ ಫೀಸ್ ಇರುತ್ತೆ, ಬಾಡಿಗೆ ಬಾಕಿ ಇರುತ್ತೆ, ಯಾರಿಗೋ ಜ್ವರ ಇರುತ್ತೆ. ಸಂಬಳದವರಿಗೆ ಮನೆ ದುಡ್ಡು ಬೇರೆ, ಆಫೀಸ್ ದುಡ್ಡು ಬೇರೆ. ಇಲ್ಲಿ ಎರಡಕ್ಕೂ ಇರುವುದು ಸೊಂಟದ ಒಂದೇ ಚೀಲ.

ಬಡ್ಡಿಯವನು ಬೈಕಿನಲ್ಲಿ ಸಂಜೆ ಏಳಕ್ಕೆ ಬರುತ್ತಾನೆ. ಕೈಯಲ್ಲೊಂದು ಸಣ್ಣ ನೋಟ್‌ಬುಕ್. "ಅಕ್ಕಾ, ನಾಳೆಗೆ ಎಷ್ಟು?" ಅಂತಾನೆ. "ನಾಡಿದ್ದು ಹಬ್ಬ ಅಲ್ವಾ, ಒಂದೂವರೆ ಸಾವಿರ ಕೊಡಣ್ಣ" ಅಂತಾರೆ ಅಮ್ಮ. ಇವತ್ತಿನದು ಎಣಿಸಿಕೊಂಡು ನಾಳೆಯದು ಕೊಟ್ಟು ಹೋಗುತ್ತಾನೆ. ಅರ್ಜಿ ಇಲ್ಲ, ಫೋಟೋ ಇಲ್ಲ, ವ್ಯಾಪಾರ ಬಿಟ್ಟು ಕ್ಯೂನಲ್ಲಿ ನಿಲ್ಲುವ ಹಾಗಿಲ್ಲ. ಹಾಗಂತ ಅವನೇನು ದೇವರಲ್ಲ. ಎರಡು ದಿನ ತಪ್ಪಿದರೆ ನಾಲ್ಕು ಜನರ ಮುಂದೆ ಅವನು ಆಡುವ ಮಾತನ್ನು ಇಲ್ಲಿ ಬರೆಯಲಾರೆ. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದದ್ದು ಸುಮ್ನೆ ಅಲ್ಲ.

ಆದರೆ ಜಾಮೀನಿಲ್ಲ, ಕಾಗದವಿಲ್ಲ, ಇವನು ಯಾವ ಧೈರ್ಯದ ಮೇಲೆ ದುಡ್ಡು ಕೊಡುತ್ತಾನೆ? ನನಗೆ ಬಹಳ ದಿನ ಅರ್ಥ ಆಗದೇ ಇದ್ದದ್ದು ಇದು. ಅರ್ಥ ಆದದ್ದು ಅಮ್ಮನ ಜೊತೆ ಬ್ಯಾಂಕಿನಲ್ಲಿ ಅರ್ಜಿ ತುಂಬುವಾಗ. ವ್ಯಾಪಾರದ ಜಾಗದ ವಿಳಾಸ ಬರೆಯಬೇಕಿತ್ತು.

"ಡೋರ್ ನಂಬರ್ ಏನಮ್ಮ?"

"ಬಸ್ ಸ್ಟಾಪ್ ದಾಟಿದ್ರೆ ಹೊಂಗೆ ಮರ ಇದೆಯಲ್ಲ ಸಾರ್, ಅದರ ಕೆಳಗೆ."

ಆ ಆಫೀಸರ್ ಒಳ್ಳೆಯವರು, ನಗಲಿಲ್ಲ. ಆದರೆ ಕಂಪ್ಯೂಟರಿನಲ್ಲಿ ಹೊಂಗೆ ಮರಕ್ಕೆ ಜಾಗ ಇರಲಿಲ್ಲ. ಬಡ್ಡಿಯವನಿಗೆ ಮಾತ್ರ ಆ ಮರ ಸಾಕು. ಇವರು ನಾಳೆ ಸಂಜೆಯೂ ಅಲ್ಲೇ ಕೂತಿರುತ್ತಾರೆ, ಬರುವ ಹೋಗುವ ಗಿರಾಕಿಗಳು ಅಲ್ಲಿಗೇ ಬರುತ್ತಾರೆ ಅಂತ ಅವನಿಗೆ ಗೊತ್ತು. ಅವನು ಸಾಲ ಕೊಡುವುದು ಆ ಜಾಗವನ್ನು ನಂಬಿ. ಮಂಡಿಯಲ್ಲಿ ಒಂದೊಂದು ದಿನ ಕಡ ಕೊಡುವವರೂ ಅಷ್ಟೇ. "ಎಲ್ಲಿ ಕೂರ್ತೀಯಮ್ಮ?" ಅಂತಲೇ ಮೊದಲು ಕೇಳುವುದು.

ಹಾಗಾಗಿ ಬಡ್ಡಿಯ ವಿಷಯ ಕೇಳುವವರಿಗೆ ನಾನು ಜಾಗದ ವಿಷಯ ಹೇಳುತ್ತೇನೆ. ಬಡ್ಡಿ ದುಬಾರಿ, ನಿಜ. ಅದಕ್ಕಿಂತ ದುಬಾರಿ ನಾಳೆ ಆ ಜಾಗ ಇರುತ್ತೋ ಇಲ್ಲವೋ ಅನ್ನುವುದು. ಫುಟ್‌ಪಾತ್ ತೆರವು ಅಂತ ಲಾರಿ ಬಂದ ದಿನ ಹೋಗುವುದು ಒಂದು ದಿನದ ಸೊಪ್ಪು ಮಾತ್ರ ಅಲ್ಲ. ತಕ್ಕಡಿ ಹೋಗುತ್ತೆ, ಟಾರ್ಪಾಲು ಹೋಗುತ್ತೆ. ಹದಿನೈದು ದಿನ ಬೇರೆ ರಸ್ತೆಯಲ್ಲಿ ಕೂತರೆ ಹಳೇ ಗಿರಾಕಿ ಸಿಗಲ್ಲ, ಹೊಸ ಗಿರಾಕಿ ನಂಬಲ್ಲ. ಬಡ್ಡಿಯವನೂ ಕೈ ಬಿಗಿ ಮಾಡುತ್ತಾನೆ. 2023ರಲ್ಲಿ ಜಯನಗರ 4ನೇ ಬ್ಲಾಕ್‌ನಲ್ಲಿ ತೆರವು ನಡೆದಾಗ ನಡೆಯಲು ಜಾಗ ಸಿಕ್ಕಿತು ಅಂತ ಖುಷಿಪಟ್ಟವರೂ ಇದ್ದರು. ಅವರದೂ ತಪ್ಪಲ್ಲ. ಫುಟ್‌ಪಾತ್ ನಡೆಯುವವರಿಗೂ ಬೇಕು.

ಈ ಎರಡನ್ನೂ ಹೊಂದಿಸಲಿ ಅಂತಲೇ 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯ್ದೆ ಬಂತು. ಐದು ವರ್ಷಕ್ಕೊಮ್ಮೆಯಾದರೂ ಸರ್ವೆ ಮಾಡಬೇಕು, ಸರ್ವೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಬಾರದು. ಸ್ಥಳಾಂತರ ಮಾಡುವುದಾದರೆ 30 ದಿನ ಮೊದಲು ನೋಟಿಸ್ ಕೊಡಬೇಕು. ಇದನ್ನೆಲ್ಲ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ನನಗೆ ಜಾಸ್ತಿ ಇಷ್ಟವಾದದ್ದು ಇನ್ನೊಂದು ಸಣ್ಣ ಸಾಲು. ವಶಪಡಿಸಿಕೊಂಡ ಮಾಲು ಕೊಳೆಯುವಂಥದ್ದಾದರೆ ಕೇಳಿದ ದಿನವೇ ವಾಪಸ್ ಕೊಡಬೇಕು, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ. ಇದನ್ನು ಬರೆದವರು ಸೊಪ್ಪು ಬಾಡುವುದನ್ನು ಎಲ್ಲೋ ನೋಡಿರಬೇಕು. ರಸ್ತೆಯಲ್ಲಿ ಈ ಸಾಲು ಗೊತ್ತಿರುವವರು ಕಮ್ಮಿ. ಅಮ್ಮನ ಗುರುತಿನ ಚೀಟಿ ಜೊತೆ ಅದನ್ನೂ ಜೆರಾಕ್ಸ್ ಮಾಡಿ ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಟ್ಟಿದ್ದೇನೆ.

ಯುಪಿಐ ಬಂದ ಮೇಲೆ ಎಲ್ಲಾ ಸರಿಹೋಯ್ತಲ್ಲ ಅಂತ ಕೆಲವರು ಕೇಳುತ್ತಾರೆ. ಚಿಲ್ಲರೆ ತಾಪತ್ರಯ ಹೋಯಿತು, ಅದು ದೊಡ್ಡದೇ. ಆದರೆ ಎಷ್ಟೋ ಗಾಡಿಗಳ ಮೇಲಿನ ಕ್ಯೂಆರ್ ಕೋಡ್ ಮಗನ ಹೆಸರಿನಲ್ಲಿ ಇರುತ್ತೆ, ದುಡ್ಡೂ ಅವನ ಖಾತೆಗೇ ಹೋಗುತ್ತೆ. ಮೇಲಿಂದ 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದವು. ತಾಜಾ ತರಕಾರಿ, ಸೊಪ್ಪಿಗೆ ಜಿಎಸ್‌ಟಿ ಇಲ್ಲವೇ ಇಲ್ಲ. ಆದರೂ ಹೆದರಿಕೆಗೆ ಕಾನೂನಿನ ಪಾಠ ಹೇಳಿದರೆ ಕೇಳುತ್ತಾ? ನಮ್ಮ ಬೀದಿಯಲ್ಲೇ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅಂತ ರಟ್ಟಿನ ಬೋರ್ಡ್‌ಗಳು ಎದ್ದವು.

ಹಾಗಾದರೆ ಏನು ಮಾಡಬೇಕು ಅಂತ ಕೇಳುವ ಬ್ಯಾಂಕಿನ ಗೆಳೆಯರಿಗೆ ನಾನು ಉಡುಪಿಯ ಕಥೆ ಹೇಳುತ್ತೇನೆ. 1925ರಲ್ಲಿ ಅಲ್ಲಿ ಶುರುವಾದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಟಿ.ಎಂ.ಎ. ಪೈ ಮತ್ತು ಜೊತೆಯವರು ಕಟ್ಟಿದ ಆ ಬ್ಯಾಂಕು 1928ರಲ್ಲೇ ಪಿಗ್ಮಿ ಅನ್ನುವ ದಿನದ ಉಳಿತಾಯ ಶುರು ಮಾಡಿತು. ಏಜೆಂಟ್ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ದುಡ್ಡನ್ನೂ ಜಮಾ ಮಾಡಿಕೊಂಡು ಬರುತ್ತಿದ್ದ. ಬಡ್ಡಿಯವನು ಇವತ್ತು ಮಾಡುತ್ತಿರುವುದೂ ಅದೇ ಸುತ್ತಾಟ. ದಿನದ ದುಡಿಮೆಗೆ ದಿನದ ಕಂತೇ ಸರಿ ಅನ್ನುವುದು ಈ ರಾಜ್ಯದ ಬ್ಯಾಂಕಿಗೆ ಆಗಲೇ ಗೊತ್ತಿತ್ತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಕುಮಾರಸ್ವಾಮಿ ಮುಖ್ಯಮಂತ್ರಿ ಆಗಿದ್ದಾಗ 2018ರ ನವೆಂಬರಿನಲ್ಲಿ ಬಂದ ಬಡವರ ಬಂಧು ಯೋಜನೆ 2,000ದಿಂದ 10,000ದವರೆಗೆ ಬಡ್ಡಿಯಿಲ್ಲದ ಸಾಲವನ್ನು ಸಹಕಾರಿ ಬ್ಯಾಂಕುಗಳ ಮೂಲಕ ಕೊಡಲು ಹೊರಟಿತ್ತು. ಅಳತೆ ಸರಿಯಾಗಿತ್ತು ಅಂತ ನನ್ನ ಅಭಿಪ್ರಾಯ. 2,000 ಅನ್ನುವುದು ಸೊಪ್ಪಿನವರಿಗೆ ಅರ್ಥವಾಗುವ ಮೊತ್ತ.

ಸ್ವನಿಧಿ 2020ರ ಜೂನ್‌ನಲ್ಲಿ ಬಂತು. ವ್ಯಾಪಾರಿ ಗುರುತಿನ ಚೀಟಿ, ಇಲ್ಲವೇ ಪಾಲಿಕೆಯ ಶಿಫಾರಸು ಪತ್ರ ಇದ್ದರೆ ಸಾಲ, ಆಗ ಮೊದಲ ಸಲಕ್ಕೆ 10,000. ಸರ್ವೆಯಲ್ಲಿ ಹೆಸರು ಬರೆಸಿದ್ದರಿಂದ ಅಮ್ಮನಿಗೂ ಸಿಕ್ಕಿತು. ಆ ಹತ್ತು ಸಾವಿರದಲ್ಲಿ ಅರ್ಧ ತಂಗಿಯ ಫೀಸಿಗೆ ಹೋಯಿತು. ಉಳಿದದ್ದರಲ್ಲಿ ಒಂದು ಗಟ್ಟಿ ಟಾರ್ಪಾಲು, ಒಂದು ಎಲೆಕ್ಟ್ರಾನಿಕ್ ತಕ್ಕಡಿ, ಮಿಕ್ಕಿದ್ದು ಬಂಡವಾಳ. ಈಗ ಬಡ್ಡಿಯವನ ಹತ್ತಿರ ದಿನಾ ತಗೊಳ್ಳಲ್ಲ. ವರಮಹಾಲಕ್ಷ್ಮಿ ವಾರದಲ್ಲಿ, ಆಯುಧಪೂಜೆ ಹೊತ್ತಿಗೆ ಸೊಪ್ಪಿನ ಜೊತೆ ಹೂವು, ಬಾಳೆಕಂದು, ಬೂದುಗುಂಬಳ ಇಡುತ್ತಾರಲ್ಲ, ಆಗ ಮಾತ್ರ.